ಮೊದಲು ಯಾವುದು, ಆಮೇಲೆ ಯಾವುದು

ವಾರಿಜಳದ್ದು ಉದಾಸೀನವಲ್ಲ, ಸೋಮಾರಿತನವಲ್ಲ. ಅವಳ ತಲೆಯಲ್ಲಿ ಒಂದು ಕೆಲಸದ ಹಿಂದೆ ಇನ್ನೊಂದು ಬರುತ್ತಿರಲಿಲ್ಲ, ಅಷ್ಟೆ. ಅದು ಅವಳ ಅಣ್ಣನಿಗೆ ತಿಳಿಯಲಿಲ್ಲ. ಆಸ್ಪತ್ರೆಯ ನಾವು ಸಮಯಕ್ಕೆ ತಿಳಿಸಲಿಲ್ಲ. ತಿಳಿಸುವ ಹೊತ್ತಿಗೆ ಅವನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅವಳು ಮನೆ ಕಳೆದುಕೊಂಡದ್ದು ಹೀಗೆ. ದೈವದ ಕೋಪ, ಮಾಟ, ಅತ್ತಿಗೆಯ ಕಾಟ ಎಂದು ಅವಳ ಊರು ಬೆಳ್ಮಣ್ಣಿನಲ್ಲಿ ಆಮೇಲೆ ಏನೇನೋ ಹೇಳಿದರು. ಅದೆಲ್ಲ ಸುಳ್ಳು.

ಇದನ್ನು ನಾನು ಬರೆಯುವುದು ಮನಸ್ಸಿನ ಕಾಯಿಲೆಯ ವಾರ್ಡಿಗೆ ಈಗ ಕೆಲಸಕ್ಕೆ ಸೇರುವ ಹುಡುಗಿಯರಿಗೆ. ನಾನು ನರ್ಸ್ ಅಲ್ಲ, ಆಯಾ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನಿಮಗೆ ಪುಸ್ತಕದಲ್ಲಿ ಕಲಿಸುವುದನ್ನು ನಾನು ಹೇಳಲು ಹೋಗುವುದಿಲ್ಲ. ಸ್ಕಿಜೋಫ್ರೇನಿಯ ಎನ್ನುವ ಹೆಸರು ನನ್ನ ನಾಲಿಗೆಗೆ ಕೂರಲು ಎಷ್ಟೋ ವರ್ಷ ಬೇಕಾಯಿತು. ನಾನು ಹೇಳುವುದು ಆ ಕಾಯಿಲೆಯವರ ಹತ್ತಿರ ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದರೆ ಏನು ಕಾಣುತ್ತದೆ ಎನ್ನುವುದನ್ನು ಮಾತ್ರ.

ಮಣಿಪಾಲದ ಇಳಿಜಾರಿನಲ್ಲಿ ಆಗ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಈಗ ಇಲ್ಲ, ಕಟ್ಟಡವೂ ಇಲ್ಲ. ಎಮರ್ಜೆನ್ಸಿ ಕಳೆದ ಮೇಲೆ ನಾನು ಅಲ್ಲಿ ಸೇರಿದ್ದು. ಗಂಡ ತೀರಿಹೋಗಿದ್ದರು. ಡ್ಯೂಟಿಗೆ ಹೊತ್ತುಗೊತ್ತು ಇಲ್ಲದ ಕಾರಣ ಮಗಳನ್ನು ಕಾರ್ಕಳದಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟಿದ್ದೆ. ನಾನು ಕಾಪುವಿನಲ್ಲಿ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಬುಟ್ಟಿ ಹಿಡಿದು ಬಸ್ಸಿಗೆ ಕಾಯುವ ಮೀನಿನ ಹೆಂಗಸರು ನನ್ನನ್ನು ಕಂಡರೆ ಕೇಳುತ್ತಿದ್ದರು:

"ಗುಲಾಬೀ, ನಿನ್ನೆ ಯಾರಾದರೂ ಕಚ್ಚಿದರಾ?"

"ಇಲ್ಲ ಮಾರಾಯ್ತಿ, ನಾನೇ ಇಬ್ಬರನ್ನು ಕಚ್ಚಿ ಬಂದೆ."

ನಗುತ್ತಿದ್ದರು. ಆದರೆ ಅವರಲ್ಲಿ ಯಾರೂ ನನ್ನ ಮನೆಗೆ ಒಂದು ಲೋಟ ನೀರು ಕುಡಿಯಲೂ ಬಂದವರಲ್ಲ. ಹುಚ್ಚು ಸೆರಗಿಗೆ ಅಂಟಿಕೊಂಡು ಬರುತ್ತದೆ ಎಂದು ನಂಬಿಕೆ. ಈ ಕೆಲಸಕ್ಕೆ ಸೇರುವವರು ಇದನ್ನು ಮೊದಲೇ ತಿಳಿದಿರಬೇಕು. ರೋಗಿಯನ್ನು ಊರು ದೂರ ಇಡುತ್ತದೆ. ರೋಗಿಯ ಮೈ ಒರೆಸಿದವಳನ್ನೂ ಸ್ವಲ್ಪ ದೂರ ಇಡುತ್ತದೆ.

ನಮ್ಮ ಮೇಲಿನವರು ಇಬ್ಬರು. ಡಾಕ್ಟರ್ ಘಟ್ಟದ ಮೇಲಿನವರು, ಮಾತು ಕಡಿಮೆ. ಇನ್‌ಚಾರ್ಜ್ ಲಿಲ್ಲಿ ಸಿಸ್ಟರ್ ಕಾರ್ಕಳ ಕಡೆಯ ಕ್ರಿಶ್ಚಿಯನ್ ಹೆಂಗಸು, ಡಾಕ್ಟರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ನಮ್ಮ ಹತ್ತಿರ ಕನ್ನಡ, ತುಳು, ಸಿಟ್ಟು ಬಂದರೆ ಕೊಂಕಣಿ. ಹಾಸಿಗೆಯಲ್ಲಿ ಒಂದು ಸುಕ್ಕು ಕಂಡರೆ, "ಎಂತ ಮಾರಾಯ್ತಿ ಇದು, ಇಲ್ಲಿ ಎಮ್ಮೆ ಮಲಗಿತ್ತಾ?" ಎನ್ನುವವರು. ಕೆಟ್ಟವರಲ್ಲ. ರೋಗಿಗಳಿಗೆ ಹೊಡೆದ ಒಬ್ಬ ಅಟೆಂಡರನನ್ನು ಗೇಟಿನ ಹೊರಗೆ ನೂಕಿ ಬಂದದ್ದನ್ನು ನಾನೇ ನೋಡಿದ್ದೇನೆ.

ನಾನು ಸೇರಿದ ಹೊಸದರಲ್ಲಿ ತಲೆಗೆ ಕರೆಂಟ್ ಕೊಡುವುದು ಹೆಚ್ಚು. ಕೈಕಾಲು ಹಿಡಿಯಲು ನಾವು ಬೇಕು. ಗಲಾಟೆ ಜಾಸ್ತಿಯಾದರೆ ಬಟ್ಟೆಯಲ್ಲಿ ಕಟ್ಟುವುದೂ ಇತ್ತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಂತು. ವಾರ್ಡಿನ ಸದ್ದು ಇಳಿಯಿತು. ಕಿವಿಯಲ್ಲಿ ದನಿ ಕೇಳುತ್ತದೆ ಎನ್ನುವವರು, ಗೋಡೆಯ ಹತ್ತಿರ ಜಗಳ ಆಡುವವರು ಸುಮ್ಮನಾದರು. ಸದ್ದು ಹೋದರೆ ಕಾಯಿಲೆ ಹೋಯಿತು ಎಂದು ನಾವೆಲ್ಲ ತಿಳಿದೆವು.

ಹಾಗಲ್ಲ ಎಂದು ಮೊದಲು ತೋರಿಸಿದ್ದು ಬನ್ನಂಜೆಯ ಒಬ್ಬರು ಮಾಷ್ಟ್ರು. ಗಣಿತ ಕಲಿಸುತ್ತಿದ್ದವರು. ದನಿಗಳು ಹೋಗಿದ್ದವು, ನಿದ್ರೆ ಇತ್ತು, ಕೇಳಿದರೆ ದೊಡ್ಡ ದೊಡ್ಡ ಮಗ್ಗಿ ತಪ್ಪಿಲ್ಲದೆ ಹೇಳುವರು. ಒಂದು ದಿನ ಕ್ಯಾಂಟೀನಿಂದ ಚಾ ತರಲು ನಾನೇ ಅವರನ್ನು ಕಳಿಸಿದೆ. ಎಷ್ಟು ಹೊತ್ತಾದರೂ ಇಲ್ಲ. ಹೋಗಿ ನೋಡಿದರೆ ಕ್ಯಾಂಟೀನಿನ ಬಾಗಿಲಲ್ಲಿ ಥರ್ಮೋಸ್ ಹಿಡಿದು ನಿಂತಿದ್ದಾರೆ. ಒಳಗೆ ರೇಡಿಯೋ, ಪಾತ್ರೆಯ ಸದ್ದು, ಹತ್ತು ಜನರ ಮಾತು.

"ಎಂತ ಮಾಷ್ಟ್ರೇ, ಚಾ ಎಲ್ಲಿ?"

"ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರಲ್ಲ. ನನ್ನ ಮಾತು ಎಲ್ಲಿ ಹಾಕುವುದು ಅಂತ ನೋಡುತ್ತಾ ಇದ್ದೇನೆ."

ನಾವು ಆಯಾಗಳು ಅದನ್ನು ಹೇಳಿ ಹೇಳಿ ನಕ್ಕೆವು. ಮಗ್ಗಿ ಬರುತ್ತದೆ, ಚಾ ತರಲು ಬರುವುದಿಲ್ಲ ಅಂತ. ಮಾಷ್ಟ್ರೂ ನಮ್ಮ ಜೊತೆ ನಕ್ಕರು. ಅವರು ಹಾಸ್ಯಕ್ಕೆ ಹಾಗೆ ಹೇಳಿರಲಿಲ್ಲ, ಇದ್ದದ್ದನ್ನೇ ಹೇಳಿದ್ದು. ಅದು ನನಗೆ ತಿಳಿದದ್ದು ವಾರಿಜ ಬಂದ ಮೇಲೆ.

ವಾರಿಜ ಬೆಳ್ಮಣ್ಣಿನವಳು. ಮೂವತ್ತು ಆಗಿರಲಿಲ್ಲ. ಮದುವೆ ಆಗಿರಲಿಲ್ಲ. ತಾಯಿ ತೀರಿಹೋದ ಮೇಲೆ ಅಣ್ಣ ಸಂಜೀವ, ಅವನ ಹೆಂಡತಿ ಸುಶೀಲ, ಇವಳು, ಮನೆಯಲ್ಲಿ ಮೂರೇ ಜನ. ಅಣ್ಣ ಕಾರ್ಕಳದಲ್ಲಿ ಒಂದು ಮರದ ಮಿಲ್ಲಿಗೆ ಹೋಗುವವನು. ಅತ್ತಿಗೆ ನಾದಿನಿ ಇಬ್ಬರೂ ಬೀಡಿ ಕಟ್ಟುವವರು. ವಾರಿಜಳ ಬೀಡಿ ಎಂದರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರು ಮುಟ್ಟಿಯೂ ನೋಡುತ್ತಿರಲಿಲ್ಲವಂತೆ, ಅಷ್ಟು ಚೊಕ್ಕ. ಆಮೇಲೆ ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದು ಶುರುವಾಯಿತು. ಒಂದು ದಿನ ಕಟ್ಟಿದ ಬೀಡಿಯನ್ನೆಲ್ಲ ಬಾವಿಗೆ ಸುರಿದಳು. ದೈವ ಮೈಮೇಲೆ ಬರುವ ಪಾತ್ರಿ, ಜೋಯಿಸರು ಎಲ್ಲ ಆದ ಮೇಲೆ ಸಂಜೀವ ಅವಳನ್ನು ನಮ್ಮಲ್ಲಿಗೆ ತಂದ.

ಒಳ್ಳೆಯ ಅಣ್ಣ. ಇದನ್ನೂ ಬರೆಯಬೇಕು. ಭಾನುವಾರ ತಪ್ಪದೆ ಬರುತ್ತಿದ್ದ. ಬಾಳೆಹಣ್ಣು, ಅವಳಿಗೆ ಇಷ್ಟದ ನೆಲಕಡಲೆ ಉಂಡೆ. ಬಂದಾಗಲೆಲ್ಲ ಒಂದೇ ಪ್ರಶ್ನೆ:

"ಗುಲಾಬಿಯಕ್ಕ, ಮೊದಲಿನ ಹಾಗೆ ಆಗುತ್ತಾಳಲ್ವಾ?"

"ದನಿ ಹೋಗಿದೆ. ಊಟ ಮಾಡುತ್ತಾಳೆ. ಇನ್ನೆಂತ ಬೇಕು?" ಎನ್ನುತ್ತಿದ್ದೆ.

ನಮ್ಮ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು, ಲಿಲ್ಲಿ ಸಿಸ್ಟರು ಮಾಡಿದ್ದು. ಮನೆಗೆ ಹೋಗುವ ಹೆಂಗಸು ಹಿತ್ತಿಲಿನ ಒಲೆಯಲ್ಲಿ ಗಂಜಿ, ಚಟ್ನಿ ಮಾಡಿ ಎಲ್ಲರಿಗೂ ಬಡಿಸಬೇಕು. ಮನೆಯವರು ಡಾಕ್ಟರ ಚೀಟಿ ಓದುವುದಿಲ್ಲ, ಅಡುಗೆ ಮಾಡುತ್ತಾಳಾ ಎಂದು ಮಾತ್ರ ಕೇಳುತ್ತಾರೆ ಎಂದು ಸಿಸ್ಟರ ಲೆಕ್ಕ. ಆ ಲೆಕ್ಕ ಸರಿಯೇ. ವಾರಿಜಳೂ ಮಾಡಿದಳು. ಕುಚ್ಚಲಕ್ಕಿ ಚೆನ್ನಾಗಿ ಬೆಂದಿತ್ತು, ಚಟ್ನಿಗೆ ಖಾರ ಉಪ್ಪು ಹದವಾಗಿತ್ತು. ಡಾಕ್ಟರೂ ಒಂದು ಬಟ್ಟಲು ಕುಡಿದರು. ಸಂಜೀವ ಕಣ್ಣು ಒರೆಸಿಕೊಂಡ.

ಗೇಟಿನ ಹತ್ತಿರ ಸಿಸ್ಟರು ಎಲ್ಲ ಮನೆಯವರಿಗೂ ಹೇಳುವುದನ್ನೇ ಅವನಿಗೂ ಹೇಳಿದರು.

"ತಲೆಗೆ ತೊಂದರೆ ಕೊಡಬೇಡಿ. ಜಾಸ್ತಿ ಮಾತಾಡಿಸಬೇಡಿ. ಅದು ಮಾಡು ಇದು ಮಾಡು ಅಂತ ಹಿಂದೆ ಬೀಳಬೇಡಿ. ಶಾಂತವಾಗಿ ಇರಲು ಬಿಡಿ. ಅವಳಷ್ಟಕ್ಕೆ ಮಾಡುತ್ತಾಳೆ."

ಸಂಜೀವ ಅದನ್ನು ದೇವರ ನುಡಿಯಂತೆ ಹಿಡಿದುಕೊಂಡು ಹೋದ.

ಹದಿನೈದು ದಿನಕ್ಕೊಮ್ಮೆ ಅವಳನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಬರುತ್ತಿದ್ದ. ಎರಡು ತಿಂಗಳು ಕಳೆದು ಬಂದಾಗ ಅವನ ಮುಖ ಬೇರೆ ಇತ್ತು. ವಾರಿಜಳ ತಲೆ ಬಾಚಿರಲಿಲ್ಲ, ಸೀರೆಯ ಅಂಚಿನಲ್ಲಿ ಮಸಿ.

"ಎಂತ ಆಯಿತು? ದನಿ ಕೇಳುತ್ತದಂತಾ?" ಎಂದು ಸಿಸ್ಟರು ಕೇಳಿದರು.

"ದನಿ ಇಲ್ಲ. ಕೆಲಸವೂ ಇಲ್ಲ" ಎಂದ. "ಬೆಳಿಗ್ಗೆ ಎಬ್ಬಿಸಿದರೆ ಚಾಪೆಯಲ್ಲಿ ಕೂರುತ್ತಾಳೆ. ಸಂಜೆ ಬಂದರೂ ಅಲ್ಲೇ. ಬೀಡಿಯ ಎಲೆ ಕತ್ತರಿಸಲು ಕೂತರೆ ಕತ್ತರಿ ಹಿಡಿದು ಕೂತದ್ದು ಕೂತದ್ದೇ. ಗಂಜಿಗೆ ಬೆಂಕಿ ಮಾಡಿ ಖಾಲಿ ಪಾತ್ರೆ ಇಟ್ಟು ಸುಟ್ಟಳು. ಒಂದಲ್ಲ, ಇದ್ದ ಪಾತ್ರೆಯೆಲ್ಲ ಹಾಗೆ. ಇಲ್ಲಿ ಮಾಡಿದವಳಿಗೆ ಅಲ್ಲಿ ಎಂತ ಬಂತು? ಉದಾಸೀನ ಸಿಸ್ಟರೇ, ಸೋಮಾರಿತನ. ಕೂತು ತಿನ್ನುವ ರುಚಿ ಹತ್ತಿದೆ."

ವಾರಿಜ ಪಕ್ಕದಲ್ಲೇ ಕೂತಿದ್ದಳು.

"ಸುಶೀಲ ಹೆದರುತ್ತಾಳೆ. ಮುಳಿಹುಲ್ಲಿನ ಮಾಡಿನ ಕೊಟ್ಟಿಗೆ ನಮ್ಮದು, ಒಲೆಯ ಹತ್ತಿರವೇ ಉಂಟು. ಇನ್ನೊಮ್ಮೆ ಬೆಂಕಿಯ ಹೆಸರು ಬಂದರೆ ಘಟ್ಟದ ಮೇಲೆ ಒಂದು ಆಶ್ರಮ ಉಂಟಂತೆ, ಅಲ್ಲಿ ಬಿಟ್ಟು ಬರುತ್ತೇನೆ. ಮತ್ತೆ ನನ್ನನ್ನು ಏನೂ ಹೇಳಬಾರದು."

ಅವನು ಬೆದರಿಸುವವನಲ್ಲ. ಹೇಳಿದರೆ ಮಾಡುವವನು. ಅದು ವಾರಿಜಳಿಗೂ ಗೊತ್ತಿತ್ತು. ಮಡಿಲಲ್ಲಿ ಅವಳ ಕೈಬೆರಳು ಒಂದನ್ನೊಂದು ಹಿಸುಕುತ್ತಿದ್ದವು.

ಡಾಕ್ಟರು ಮೊದಲು ಮಾತ್ರೆ ಹೆಚ್ಚು ಮಾಡಿ ನೋಡಿದರು. ಅದರಿಂದ ಅವಳು ಇನ್ನೂ ನಿಧಾನವಾದಳು, ಕೈ ನಡುಗಿತು. ಮುಂದಿನ ಸಲ ಬಂದಾಗ ಡಾಕ್ಟರೇ ಅದನ್ನು ಇಳಿಸಿದರು. ಆಮೇಲೆ ಅವಳನ್ನು ಮೇಜಿನ ಮುಂದೆ ಕೂರಿಸಿ ನಾಲ್ಕೈದು ಸಾಮಾನಿನ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಇಸ್ಪೀಟಿನ ಎಲೆ ಕೊಟ್ಟು ಬಣ್ಣದಂತೆ ಬೇರೆ ಮಾಡಿಸಿದರು. ಅರ್ಧಕ್ಕೆ, ಈಗ ಚಿತ್ರದಂತೆ ಬೇರೆ ಮಾಡು ಎಂದರು. ಅವಳು ಬಣ್ಣದಂತೆಯೇ ಇಡುತ್ತಾ ಹೋದಳು. ಡಾಕ್ಟರು ಎಲೆಗಳನ್ನು ಒಟ್ಟು ಮಾಡಿ ಬದಿಗಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಡಾಕ್ಟ್ರೇ, ಇದು ಉದಾಸೀನವಾ?" ಎಂದೆ.

"ಅಲ್ಲ. ಕಾಯಿಲೆಯ ಇನ್ನೊಂದು ಭಾಗ ಇದು. ನೆನಪು, ಗಮನ, ಒಂದಾದ ಮೇಲೆ ಒಂದು ಜೋಡಿಸುವುದು, ಇವೆಲ್ಲ ಸಡಿಲ ಆಗುತ್ತವೆ. ದನಿ ಹೋದರೂ ಇದು ಉಳಿಯುತ್ತದೆ."

"ಇದಕ್ಕೆ ಮಾತ್ರೆ?"

"ನನ್ನ ಹತ್ತಿರ ಇಲ್ಲ ಗುಲಾಬಿ. ಯಾರ ಹತ್ತಿರವೂ ಇಲ್ಲ."

ಅಷ್ಟು ಓದಿದವರು ಇಲ್ಲ ಎಂದು ನೇರವಾಗಿ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರು ಸಂಜೀವನಿಗೂ ಅದನ್ನೇ ಹೇಳಿದರು. ಆದರೆ ಡಾಕ್ಟರ ಕನ್ನಡ ಪುಸ್ತಕದ ಕನ್ನಡ. ಸಂಜೀವ ತಲೆ ಆಡಿಸಿದ, ಹೊರಗೆ ಬಂದು ನನ್ನನ್ನು ಕೇಳಿದ:

"ಅವರು ಹೇಳಿದ್ದು ಎಂತ ಗುಲಾಬಿಯಕ್ಕ? ಮಂಡೆ ಹಾಳಾಗಿದೆ ಅಂತಲಾ?"

"ಹಾಳಾಗಿಲ್ಲ. ನಿಧಾನ ಆಗಿದೆ."

"ಇಲ್ಲಿ ಗಂಜಿ ಮಾಡಿದಳಲ್ಲ, ಆಗ ನಿಧಾನ ಇರಲಿಲ್ಲವಾ?"

ಬಸ್ಸಿನಲ್ಲಿ, ಮನೆಯಲ್ಲಿ, ಅದೇ ಪ್ರಶ್ನೆ ತಲೆಯಲ್ಲಿ. ಇಲ್ಲಿ ಬಂದದ್ದು ಅಲ್ಲಿ ಯಾಕೆ ಬರಲಿಲ್ಲ?

ಮುಂದಿನ ರಜೆಯ ದಿನ ನಾನು ಕಾರ್ಕಳಕ್ಕೆ ಮಗಳನ್ನು ನೋಡಲು ಹೋಗಬೇಕಿತ್ತು. ಕಟಪಾಡಿಯಲ್ಲಿ ಇಳಿದು ಬೆಳ್ಮಣ್ಣಿನ ಬಸ್ಸು ಹಿಡಿದೆ. ದಾರಿಯಲ್ಲೇ ತಾನೆ, ಸ್ವಲ್ಪ ಹೊತ್ತು ನೋಡಿ ಮುಂದೆ ಹೋಗುವ ಎಂದು ಯೋಚನೆ. ಸಂಜೆಯವರೆಗೆ ಅಲ್ಲೇ ಆಯಿತು. ಮಗಳು ಅದಕ್ಕೆ ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಗದ್ದೆಯ ಬದಿಯ ಮನೆ. ಸಂಜೀವ ಮಿಲ್ಲಿಗೆ ಹೋಗಿದ್ದ. ಸುಶೀಲ ಮನೆಯ ಮುಂದಿನ ಚಾವಡಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಕೈ ತೋರಿಸಿದಳು. ಪಿಸುಮಾತಿನಲ್ಲಿ ಹೇಳಿದಳು:

"ಒಳಗೆ ಇದ್ದಾಳೆ. ನಾವು ಮಾತಾಡಿಸುವುದಿಲ್ಲ. ನಿಮ್ಮ ಸಿಸ್ಟರು ಹೇಳಿದ ಹಾಗೆಯೇ ಇದ್ದೇವೆ."

ಮಾತಾಡಿಸುವುದಿಲ್ಲ ಎಂದರೆ ಪೂರಾ ಇಲ್ಲ. ಊಟದ ಬಟ್ಟಲನ್ನು ಶಬ್ದ ಆಗದ ಹಾಗೆ ಅವಳ ಮುಂದೆ ಇಟ್ಟು ಬರುತ್ತಿದ್ದರು. ರೇಡಿಯೋ ಮಾರಿಬಿಟ್ಟಿದ್ದರು. ಹಿಂದೆ ಇವರ ಚಾವಡಿಯಲ್ಲೇ ಸೇರಿ ಬೀಡಿ ಕಟ್ಟುತ್ತಿದ್ದ ನೆರೆಮನೆಯ ಹೆಂಗಸರನ್ನು ಬರಬೇಡಿ ಎಂದಿದ್ದರು. ತಂಗಿಯ ತಲೆಗೆ ತೊಂದರೆ ಆಗಬಾರದೆಂದು ಸಂಜೀವ ಇಡೀ ಮನೆಯ ಬಾಯಿ ಕಟ್ಟಿದ್ದ. ಅಷ್ಟು ಮೌನದ ಮನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ, ನನ್ನದನ್ನು ಬಿಟ್ಟರೆ.

ವಾರಿಜ ಅಡುಗೆಕೋಣೆಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಅಕ್ಕಿಯ ಸೇರು. ಒಲೆಯಲ್ಲಿ ಬೆಂಕಿ ಇರಲಿಲ್ಲ, ಸುಶೀಲ ಬೆಂಕಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಎಂತ ವಾರಿಜ, ಹೀಗೆ ನಿಂತದ್ದು?"

"ಅಕ್ಕಿ ತೊಳೆಯುವುದಾ, ನೀರು ಇಡುವುದಾ ಅಂತ ನೋಡುತ್ತಾ ಇದ್ದೆ."

"ಎಷ್ಟು ಹೊತ್ತಿನಿಂದ?"

ಅವಳು ಕಿಟಕಿಯ ಕಡೆ ನೋಡಿದಳು.

"ನೀರು ಇಡು" ಎಂದೆ. ಇಟ್ಟಳು. "ಈಗ ಬೆಂಕಿ." ಸುಶೀಲಳಿಂದ ಪೆಟ್ಟಿಗೆ ತಂದು ಕೊಟ್ಟೆ, ಮಾಡಿದಳು. "ಈಗ ಅಕ್ಕಿ ತೊಳಿ." ತೊಳೆದಳು. ಕೈ ಎಷ್ಟು ಚುರುಕು! ಕಲ್ಲು ಆರಿಸುವುದು, ನೀರು ಬಸಿಯುವುದು, ಒಂದೂ ಮರೆತಿರಲಿಲ್ಲ. ನಾನು ಬಾಯಿ ಮುಚ್ಚಿದರೆ ಮಾತ್ರ ಕೈ ನಿಲ್ಲುತ್ತಿತ್ತು. ಹೇಳಿದರೆ ಹೋಗುತ್ತಿತ್ತು.

ಆಗ ನನಗೆ ನಮ್ಮ ವಾರ್ಡು ನೆನಪಾಯಿತು. ಅಲ್ಲಿ ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಚಾಕ್ಕೆ ಗಂಟೆ. ಗಂಟೆ ಇಲ್ಲದಾಗ ನಾವು ಆಯಾಗಳು. ನಮ್ಮ ಬಾಯಿಗೆ ಬೀಗ ಎಲ್ಲಿತ್ತು? ನೀರು ಕುದಿಯಿತು ನೋಡು, ಉಪ್ಪು ಹಾಕಿದೆಯಾ, ಸೌದೆ ಹಿಂದೆ ಎಳಿ, ಎಂದು ಅವಳು ಗಂಜಿ ಮಾಡುವಾಗ ನಾವು ನಾಲ್ಕು ಜನ ಸುತ್ತ ಕೂತು ಹೇಳುತ್ತಲೇ ಇದ್ದೆವು. ಹೇಳುತ್ತಿದ್ದೇವೆ ಎಂದು ನಮಗೇ ಗೊತ್ತಿರಲಿಲ್ಲ. ಅವಳ ಕೈ ಗಂಜಿ ಮಾಡಿತು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ನಮ್ಮ ಬಾಯಿ ಮಾಡಿತು. ಹಾಗೆ ಪಾಸು ಮಾಡಿಸಿ, ಮಾತಾಡಿಸಬೇಡಿ ಎಂದು ಹೇಳಿ ಮನೆಗೆ ಕಳಿಸಿದೆವು.

ಗಂಜಿ ಬೇಯುವಾಗ ವಾರಿಜಳನ್ನು ಕೇಳಿದೆ. "ನಿನಗೆ ಗೊತ್ತಾಗುವುದಿಲ್ಲವಾ?"

"ಎಲ್ಲ ಗೊತ್ತುಂಟು ಅಕ್ಕ. ನೀರು ಗೊತ್ತುಂಟು, ಅಕ್ಕಿ ಗೊತ್ತುಂಟು, ಬೆಂಕಿ ಗೊತ್ತುಂಟು. ಎಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಯಾವುದನ್ನು ಒಳಗೆ ಕರೆಯುವುದು ಅಂತ ಆಗುವುದಿಲ್ಲ." ಆಮೇಲೆ ಕೇಳಿದಳು: "ನೀವು ಸಂಜೆ ಹೋಗುತ್ತೀರಲ್ಲ. ಮತ್ತೆ ಯಾರು ಹೇಳುವುದು?"

ಸಂಜೆ ಸಂಜೀವ ಬಂದ. ಗಂಜಿ ಬಡಿಸಿದಳು. ಅವನು ಉಂಡ, ಕೈ ತೊಳೆದ, ನನ್ನನ್ನು ನೋಡಿ ನಕ್ಕ.

"ನೋಡಿದಿರಲ್ಲ? ಬರುತ್ತದೆ. ಯಾರಾದರೂ ಬಂದರೆ ಮಾಡುತ್ತಾಳೆ. ನಮಗೆ ಮಾಡುವುದಿಲ್ಲ, ಅಷ್ಟೆ."

ನಾನು ವಿವರಿಸಿದೆ. ಒಂದೊಂದೇ ಹೇಳಬೇಕು, ಎರಡು ಒಟ್ಟಿಗೆ ಹೇಳಬಾರದು, ಬೈಯಬಾರದು, ಸುಮ್ಮನೆ ಬಿಡಲೂ ಬಾರದು. ಅವನಿಗೆ ಸಿಟ್ಟು ಬಂತು.

"ಆ ದಿನ ಮಾತಾಡಿಸಬೇಡಿ ಅಂದಿರಿ. ಈ ದಿನ ಮಾತಾಡಿಸಿ ಅನ್ನುತ್ತೀರಿ. ಅವಳ ತಲೆ ಸರಿ ಇಲ್ಲವೋ, ನಿಮ್ಮದೋ?"

ನ್ಯಾಯವಾದ ಪ್ರಶ್ನೆ. ಸುಶೀಲ ಮಾತ್ರ ಮೊರ ಬದಿಗಿಟ್ಟು ಕೇಳಿದಳು, "ನಾನು ಹೇಳಿದರೂ ಮಾಡುತ್ತಾಳಾ?"

"ಹೇಳಿ ನೋಡು."

"ವಾರಿಜ, ಅಣ್ಣನ ಬಟ್ಟಲು ತೆಗಿ" ಎಂದಳು. ವಾರಿಜ ಬಟ್ಟಲು ತೆಗೆದಳು. ಸುಶೀಲ ಬಾಯಿಗೆ ಸೆರಗು ಹಿಡಿದುಕೊಂಡಳು. ಎಷ್ಟು ತಿಂಗಳ ಮೇಲೆ ಆ ಮನೆಯಲ್ಲಿ ಅತ್ತಿಗೆ ನಾದಿನಿಯ ಹೆಸರು ಹಿಡಿದು ಕರೆದದ್ದು!

ಸುಶೀಲಳನ್ನು ಊರವರು ಬೈದದ್ದು ಅನ್ಯಾಯ. ಒಂದು ಮಳೆಗಾಲ ಪೂರ್ತಿ ಅವಳು ವಾರಿಜಳನ್ನು ನಡೆಸಿದಳು. ಎದುರು ಬದುರು ಕೂತು, "ಎಲೆ ತೆಗಿ, ಕತ್ತರಿಸು, ಹೊಗೆಸೊಪ್ಪು ಹಾಕು, ಸುತ್ತು, ನೂಲು" ಎಂದು ಹೇಳಿ ಬೀಡಿಯನ್ನೂ ಕಟ್ಟಿಸಿದಳು. ಆದರೆ ಬೇರೆಯವರ ತಲೆಯಾಗಿ ಬದುಕುವುದು ಸುಲಭವಲ್ಲ. ಒಮ್ಮೆ ಇಂಜೆಕ್ಷನ್ನಿಗೆ ಕರೆದುಕೊಂಡು ಬಂದವಳು ನನ್ನ ಹತ್ತಿರ ಹೇಳಿದಳು:

"ಅವಳಿಗೆ ಹೇಳಿ ಹೇಳಿ ನನ್ನ ಬೀಡಿ ಹಾಳಾಗುತ್ತದೆ ಅಕ್ಕ. ಬ್ರಾಂಚಿನಲ್ಲಿ ಅರ್ಧಕ್ಕರ್ಧ ವಾಪಸು ಎಸೆಯುತ್ತಾರೆ. ಕನಸಿನಲ್ಲೂ ಎಲೆ ತೆಗಿ, ಕತ್ತರಿಸು ಅನ್ನುತ್ತೇನಂತೆ. ಇವರು ನಗುತ್ತಾರೆ. ನನಗೆ ನಗು ಬರುವುದಿಲ್ಲ."

"ಸಂಜೀವ ಹೇಳುವುದಿಲ್ಲವಾ?"

"ಹೇಳುತ್ತಾರೆ. ಒಂದು ಸಲ. ಎರಡನೆಯ ಸಲ ಕೂಗುತ್ತಾರೆ. ಕೂಗಿದರೆ ಅವಳು ಅಲ್ಲೇ ಕಲ್ಲು."

ಆಗಲೇ ಅವಳಿಗೆ ಐದಾರು ತಿಂಗಳ ಬಸುರು. ಹೆರಿಗೆಗೆ ತಾಯಿಮನೆಗೆ ಹೋಗಬೇಕು, ಅದು ಪದ್ಧತಿ. ಹೋದಳು. ವಾರಿಜಳಿಗೆ ಮತ್ತೆ ಯಾರೂ ಇಲ್ಲ. ಸಂಜೀವ ಬೆಳಿಗ್ಗೆ ಗಂಜಿ ಮಾಡಿಟ್ಟು, ಬೆಂಕಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ಮಿಲ್ಲಿಗೆ ಹೋಗುತ್ತಿದ್ದ. ಒಂದು ದಿನ ಅವಳು ಅಣ್ಣನಿಗೆ ಸ್ನಾನಕ್ಕೆ ಬಿಸಿನೀರು ಇರಲಿ ಎಂದು ಒಲೆಯ ಕೆಂಡವನ್ನು ಕೊಟ್ಟಿಗೆಯ ಬದಿಯ ಹಂಡೆಯ ಒಲೆಗೆ ಸಾಗಿಸಿದಳು. ಒಣ ತೆಂಗಿನ ಮಡಲನ್ನು ಎಳೆದು ತಂದಳು. ಆಮೇಲಿನದ್ದು ಬರಲಿಲ್ಲ. ಕೈಯಲ್ಲಿ ಕೊಡಪಾನ ಹಿಡಿದು ನಿಂತಿದ್ದಳಂತೆ, ನೆರೆಯವರು ಓಡಿ ಬರುವಾಗ. ಕೊಡಪಾನ ತುಂಬ ನೀರಿತ್ತು. ಕೊಟ್ಟಿಗೆ ಸುಟ್ಟುಹೋಯಿತು. ದನವನ್ನು ಹೇಗೋ ಬಿಡಿಸಿದರು.

ಮೂರನೆಯ ದಿನ ಸಂಜೀವ ಅವಳನ್ನೂ ಒಂದು ಟ್ರಂಕನ್ನೂ ತೆಗೆದುಕೊಂಡು ನಮ್ಮಲ್ಲಿಗೆ ಬಂದ. ಆಶ್ರಮಕ್ಕೆ ಡಾಕ್ಟರ ಕಾಗದ ಬೇಕಿತ್ತು. ಡಾಕ್ಟರು ಬಹಳ ಹೊತ್ತು ಅವನ ಹತ್ತಿರ ಮಾತಾಡಿದರು, ನಮ್ಮಲ್ಲೇ ಸ್ವಲ್ಪ ತಿಂಗಳು ಇರಲಿ ಎಂದರು. ಲಿಲ್ಲಿ ಸಿಸ್ಟರೂ ಹೇಳಿದರು. ಅವನು ಒಂದೇ ಮಾತು ಹೇಳಿದ: "ಮನೆಗೆ ಕೂಸು ಬರುತ್ತದೆ ಸಿಸ್ಟರೇ." ಡಾಕ್ಟರು ಕಾಗದ ಬರೆದು ಕೊಟ್ಟರು.

ವಾರಿಜ ವರಾಂಡದ ಬೆಂಚಿನಲ್ಲಿ ಟ್ರಂಕಿನ ಮೇಲೆ ಕೈ ಇಟ್ಟು ಕೂತಿದ್ದಳು. ನಾನು ಹತ್ತಿರ ಕೂತೆ.

"ನೀರು ಇತ್ತು ಅಕ್ಕ, ಕೈಯಲ್ಲಿ" ಎಂದಳು.

"ಗೊತ್ತುಂಟು."

"ಅಲ್ಲಿ ಯಾರಾದರೂ ಹೇಳುತ್ತಾರಾ?"

"ನನಗೆ ಗೊತ್ತಿಲ್ಲ" ಎಂದೆ. ಗೊತ್ತಿಲ್ಲದ್ದನ್ನು ಗೊತ್ತುಂಟು ಎಂದು ಹೇಳಿ ಕಳಿಸುವ ಅಭ್ಯಾಸ ನನಗಿಲ್ಲ. ಅವಳೂ ಸುಳ್ಳು ಕೇಳುವವಳಲ್ಲ. ಸಂಜೀವ ಬಂದು, "ಏಳು" ಎಂದ. ಎದ್ದಳು. "ಟ್ರಂಕು ಹಿಡಿ" ಎಂದ. ಹಿಡಿದಳು. ಎಷ್ಟು ಚೆನ್ನಾಗಿ ಒಂದೊಂದೇ ಹೇಳಿದ ಆ ದಿನ, ಕಳಿಸುವಾಗ.

ಸುಮಾರು ಒಂದು ವರ್ಷ ಕಳೆದು ಒಂದು ಸಂಜೆ ಅವನು ಒಬ್ಬನೇ ವಾರ್ಡಿಗೆ ಬಂದ. ಮಗುವಿನ ತಲೆಕೂದಲು ತೆಗೆಸಲು ಎಲ್ಲಿಗೋ ಹೋಗಿ ಬರುವ ದಾರಿ, ಸುಶೀಲ ಮಗುವಿನ ಜೊತೆ ಬಸ್‌ಸ್ಟಾಪಿನಲ್ಲಿ ಕೂತಿದ್ದಳಂತೆ. ಕೈಯಲ್ಲಿ ಸಿಹಿ. ಅದೇ ದಾರಿಯಲ್ಲಿ ಆಶ್ರಮಕ್ಕೂ ಹೋಗಿ ತಂಗಿಯನ್ನು ನೋಡಿ ಬಂದಿದ್ದ.

"ಎಷ್ಟು ಚೆನ್ನಾಗಿದ್ದಾಳೆ ಗೊತ್ತುಂಟಾ? ಬೆಳಿಗ್ಗೆ ಗಂಟೆ ಹೊಡೆದರೆ ಏಳುತ್ತಾಳೆ. ಇನ್ನೊಂದು ಗಂಟೆಗೆ ಪ್ರಾರ್ಥನೆ. ಇನ್ನೊಂದಕ್ಕೆ ತರಕಾರಿ ಹೆಚ್ಚುವುದು. ಒಬ್ಬರು ಅಮ್ಮ ಬಾಗಿಲಲ್ಲಿ ಕೂತು ಹೇಳುತ್ತಾ ಇರುತ್ತಾರೆ, ಇವರೆಲ್ಲ ಮಾಡುತ್ತಾ ಇರುತ್ತಾರೆ. ಊಟಕ್ಕೆ ಸಾಲು ಹಿಡಿದು ನಿಲ್ಲುತ್ತಾಳೆ. ಮನೆಯಲ್ಲಿ ಒಂದು ಕೆಲಸ ಮಾಡದವಳು!"

"ಮನೆಯಲ್ಲಿ ಗಂಟೆ ಎಲ್ಲಿತ್ತು ಸಂಜೀವ?"

ಅವನು ನನ್ನ ಮಾತನ್ನು ಕೇಳಲೇ ಇಲ್ಲ. ಅವನ ಮುಖದಲ್ಲಿ ಸಂತೋಷವೂ ಇತ್ತು, ನೋವೂ ಇತ್ತು.

"ನಾನು ಹೇಳಿರಲಿಲ್ಲವಾ? ಉದಾಸೀನವೇ. ನಮ್ಮ ಮೇಲಿನ ಉದಾಸೀನ. ಬೇರೆಯವರಿಗೆ ಮಾಡುತ್ತಾಳೆ. ಸ್ವಂತ ಅಣ್ಣನಿಗೆ ಮಾಡಲಿಲ್ಲ. ಇನ್ನು ಅಲ್ಲೇ ಇರಲಿ. ಬರುತ್ತೇನೆ ಅಂತ ಅಳುತ್ತಾಳೆ. ನಾನು ತರುವುದಿಲ್ಲ."

ನಾನು ಗೇಟಿನವರೆಗೂ ಹೇಳುತ್ತಾ ಹೋದೆ. ಬೆಳ್ಮಣ್ಣಿಗೆ ಬಂದ ದಿನ ಹೇಳಿದ್ದನ್ನೇ ಮತ್ತೆ ಹೇಳಿದೆ. ಬಿಸಿನೀರು ಅವನಿಗಾಗಿಯೇ ಇಟ್ಟದ್ದು ಎಂದೂ ಹೇಳಿದೆ. ಒಬ್ಬ ಮನುಷ್ಯ ಒಂದು ಸಂಗತಿಯನ್ನು ತನಗೆ ಬೇಕಾದ ಹಾಗೆ ಒಮ್ಮೆ ಕಟ್ಟಿಟ್ಟರೆ ಇನ್ನೊಬ್ಬರು ಬಿಚ್ಚಲು ಆಗುವುದಿಲ್ಲ. ಅವನಿಗೂ ನಿದ್ರೆ ಬರಬೇಕಲ್ಲ. "ಸಿಹಿ ತಿನ್ನಿ ಗುಲಾಬಿಯಕ್ಕ" ಎಂದು ಪೊಟ್ಟಣ ನನ್ನ ಕೈಗೆ ಕೊಟ್ಟು ಬಸ್‌ಸ್ಟಾಪಿನ ಕಡೆ ಇಳಿದು ಹೋದ. ವಾರಿಜ ಮನೆಗೆ ಬರಲಿಲ್ಲ. ನಾನು ಅವಳನ್ನು ಮತ್ತೆ ನೋಡಲಿಲ್ಲ.

ಆ ರಾತ್ರಿ ಕಾಪುವಿನ ಮನೆಯಲ್ಲಿ ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋದಾಗ ಗೇಟಿನಲ್ಲಿ ಒಬ್ಬ ಗಂಡ ಅವನ ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಲು ನಿಂತಿದ್ದ. ಕಾರ್ಕಳದ ಕಡೆಯವರು. ಲಿಲ್ಲಿ ಸಿಸ್ಟರು ಹೇಳುತ್ತಿದ್ದರು: "ತಲೆಗೆ ತೊಂದರೆ ಕೊಡಬೇಡಿ. ಜಾಸ್ತಿ ಮಾತಾಡಿಸಬೇಡಿ."

ನಾನು ಚೀಲ ಕೆಳಗಿಟ್ಟು ನಡುವೆ ಹೋಗಿ ನಿಂತೆ. "ಮಾತಾಡಿಸಿ" ಎಂದೆ. "ಸುಮ್ಮನೆ ಬಿಟ್ಟರೆ ಇವಳು ನಿಂತಲ್ಲೇ ನಿಲ್ಲುತ್ತಾಳೆ."

"ಗುಲಾಬೀ! ನೀನು ಡಾಕ್ಟರಾ?" ಸಿಸ್ಟರು ಕೊಂಕಣಿಯಲ್ಲಿ ಇನ್ನೂ ಏನೋ ಹೇಳಿದರು.

"ಅಲ್ಲ ಸಿಸ್ಟರೇ. ಆಮೇಲೆ ಬೈಯಿರಿ" ಎಂದು ಹೇಳಿ ಅವರಿಬ್ಬರ ಜೊತೆ ಬಸ್‌ಸ್ಟಾಪಿನವರೆಗೆ ಇಳಿದು ಹೋದೆ. ಒಂದೊಂದೇ ಹೇಳಬೇಕು, ಕೂಗಬಾರದು, ಉದಾಸೀನ ಎಂದು ಒಮ್ಮೆಯೂ ಅನ್ನಬಾರದು ಎಂದು ದಾರಿಯುದ್ದಕ್ಕೂ ಹೇಳಿದೆ. ಆ ಮನುಷ್ಯ ಗಾಬರಿಯಿಂದ ಕೇಳಿದ:

"ಎಷ್ಟು ದಿನ ಹೀಗೆ ಹೇಳುವುದು ಅಕ್ಕ?"

"ನನಗೆ ಗೊತ್ತಿಲ್ಲ. ಬಸ್ಸು ಬಂತು. ಹತ್ತಲು ಹೇಳು."

ಅವನು ಹೆಂಡತಿಯ ಕಡೆ ತಿರುಗಿ, "ಹತ್ತು" ಎಂದ. ಅವಳು ಹತ್ತಿದಳು.